ಹೋಗುವಾಗ ಕೊಡುವ ಎಎಎಂ ಬೇಡ ಅನ್ನುವವರಿಗೆ

ಬೇಡಪ್ಪಾ, ಬೇಡ ಅನ್ನಬೇಡಿ. ಅಮೆರಿಕ ಸೈನ್ಯ ಬಿಡುತ್ತಿರುವ ನೀವು ಈ ಗುಂಪಿನಲ್ಲಿ, ಇಟಿಎಸ್‌ಗೆ (ಸೇವೆ ಮುಗಿದು ಬಿಡುಗಡೆಯಾಗುವ ದಿನಕ್ಕೆ) ಇನ್ನು ನಾಲ್ಕು ತಿಂಗಳಿದೆ, ಆರ್ಕಾಮ್ (ಆರ್ಮಿ ಕಮೆಂಡೇಶನ್ ಮೆಡಲ್) ಕೊಡ್ತೀವಿ ಅಂದವರು ಈಗ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಎಎಎಂ (ಆರ್ಮಿ ಅಚೀವ್‌ಮೆಂಟ್ ಮೆಡಲ್) ಅಂತಿದ್ದಾರೆ, ಈ ಭಿಕ್ಷೆ ನನಗೆ ಬೇಡ ಅಂತ ಫಸ್ಟ್ ಸಾರ್ಜೆಂಟ್ ಮುಖಕ್ಕೇ ಹೇಳ್ತೀನಿ ಅಂತ ಬರೆದಿದ್ದೀರಿ. ಕೆಳಗೆ ಒಂದಷ್ಟು ಜನ 'ಸರಿಯಾಗಿ ಹೇಳು ಗುರು' ಅಂತ ಚಪ್ಪಾಳೆ ತಟ್ಟಿದ್ದಾರೆ. ನಾನೂ ಒಂದು ಕಾಲದಲ್ಲಿ ಇದೇ ಮಾತು ಆಡಿದವನೇ. ಆಗಲೂ ಚಪ್ಪಾಳೆಗೆ ಬರ ಇರಲಿಲ್ಲ.

ಪದಕಕ್ಕೆ ಶಿಫಾರಸು ಮಾಡುವ 638 ಫಾರಂ ತೆಗೆದು ನೋಡಿ. ಅದರಲ್ಲಿ ನೀವು ಸಹಿ ಹಾಕುವ ಜಾಗವೇ ಇಲ್ಲ. ಶಿಫಾರಸು ಮಾಡಿದವನು ಹಾಕುತ್ತಾನೆ, ನಡುವಿನವರು ಹಾಕುತ್ತಾರೆ, ಕೊನೆಗೆ ಸಾಮಾನ್ಯವಾಗಿ ಎಎಎಂ ಆದರೆ ಬೆಟಾಲಿಯನ್ ಕಮಾಂಡರ್, ಆರ್ಕಾಮ್ ಆದರೆ ಬ್ರಿಗೇಡ್ ಕಮಾಂಡರ್. ನೀವು ಬೇಡ ಅಂದರೆ ಎರಡರಲ್ಲಿ ಒಂದಾಗುತ್ತದೆ. ಸದ್ಯ ಒಂದು ಕೆಲಸ ತಪ್ಪಿತು ಅಂತ ಪ್ಲಟೂನ್ ಸಾರ್ಜೆಂಟ್ ಕಾಗದವನ್ನು ಅಲ್ಲೇ ಬಿಡುತ್ತಾನೆ. ಇಲ್ಲ, ಕಾಗದ ಆಗಲೇ ಮೇಲೆ ಹೋಗಿದ್ದರೆ ಸಹಿಯಾಗಿ ಬಂದು ಫೈಲಿಗೆ ಸೇರುತ್ತದೆ, ನಿಮಗೆ ಕೆಟ್ಟ ಹೆಸರು ಉಳಿಯುತ್ತದೆ. ಕಮಾಂಡರ್‌ಗೆ ಪಾಠ ಕಲಿಸಿದ ಹಾಗೆ ಅಂತೂ ಆಗುವುದಿಲ್ಲ. ಅವತ್ತು ಆತನ ಮೇಜಿಗೆ ಬಂದ ಕಂತೆಯಲ್ಲಿ ನಿಮ್ಮದೂ ಒಂದು, ಅಷ್ಟೇ.

1971ರ ಏಪ್ರಿಲ್‌ನಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು ವಾಷಿಂಗ್ಟನ್‌ನ ಕ್ಯಾಪಿಟಲ್ ಎದುರು ಪದಕ ಎಸೆದರಲ್ಲ ಅಂತ ಒಬ್ಬರು ಕೆಳಗೆ ಬರೆದಿದ್ದಾರೆ. ಅವರು ಎಸೆದದ್ದು ಯುದ್ಧದ ವಿರುದ್ಧ. ಅಂಥ ಕಾರಣ ಇದ್ದರೆ ನನ್ನದೇನೂ ತಕರಾರಿಲ್ಲ. ಪದಕದ ಜೊತೆ ಬರುವ ಪ್ರಶಂಸೆಯ ಬರಹದಲ್ಲಿ, ಅಂದರೆ ಸೈಟೇಶನ್‌ನಲ್ಲಿ, ನೀವು ಮಾಡದ ಕೆಲಸ ಬರೆದಿದ್ದರೂ ಅಷ್ಟೇ, ತಿದ್ದಿ ಅನ್ನಿ, ತಿದ್ದದಿದ್ದರೆ ಬೇಡ ಅನ್ನಿ. ನಿಮ್ಮದು ಇವೆರಡೂ ಅಲ್ಲ. ನಿಮ್ಮದು ಒಂದು ಮೆಟ್ಟಿಲು ಕೆಳಗೆ ಇಳಿಸಿದರು ಅನ್ನೋ ಸಿಟ್ಟು. ಆ ಸಿಟ್ಟಿಗೆ ದಾರಿ ಬೇರೆ ಇದೆ.

ಅದಕ್ಕೂ ಮುಂಚೆ ಒಂದು ವಿಷಯ ಪತ್ತೆ ಮಾಡಿ. ಆರ್ಕಾಮ್ ಅಂತಲೇ ಬರೆದು ಕಳಿಸಿ, ಮೇಲಿನವರು ಇಳಿಸಿದರಾ? ಅಥವಾ ನಿಮ್ಮ ಪ್ಲಟೂನ್‌ನವರೇ ಮೊದಲಿನಿಂದ ಎಎಎಂ ಅಂತ ಬರೆದರಾ? ಬಾಯಿ ಮಾತು ನಂಬಬೇಡಿ, 638ರ ಪ್ರತಿ ಕೇಳಿ. ಮೇಲಿನವರು ಇಳಿಸಿದ್ದರೆ ಮರುಪರಿಶೀಲನೆಗೆ ಹಾಕಬಹುದು. ತೀರ್ಮಾನ ಆದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು, ಒಂದೇ ಸಲ ಅವಕಾಶ, ಮತ್ತು ಹೊಸ ಮಾಹಿತಿ ಇರಲೇಬೇಕು. 'ನನಗೆ ಅನ್ಯಾಯ ಆಯಿತು' ಅನ್ನುವುದು ಹೊಸ ಮಾಹಿತಿ ಅಲ್ಲ. ಕೆಳಗಿನವರೇ ಎಎಎಂ ಬರೆದಿದ್ದರೆ ಅದು ಇಳಿಸಿದ್ದೇ ಅಲ್ಲ, ಮರುಪರಿಶೀಲನೆ ಮಾತೂ ಇಲ್ಲ. ಸಹಿಗೆ ಹೋಗುವ ಮುಂಚೆಯೇ ಹಿಡಿದು ಬದಲಾಯಿಸಬೇಕು.

ಬದಲಾಯಿಸುವುದು ಹೇಗೆ? ಬುಲೆಟ್, ಅಂದರೆ ಸಾಧನೆ ಹೇಳುವ ಒಂದೊಂದು ಸಾಲು, ನೀವೇ ಬರೆದು ಕೊಡಿ. ಸ್ಕ್ವಾಡ್ ಲೀಡರ್ ಆದಾಗ ನಾನು ಎಲ್ಲರಿಗೂ ಇದನ್ನೇ ಮಾಡಿಸುತ್ತಿದ್ದೆ. 638ರ ಬ್ಲಾಕ್ 20ರಲ್ಲಿ ನಾಲ್ಕು ಸಾಧನೆಗೆ ಜಾಗ ಇದೆ. ಶುಕ್ರವಾರ ಸಂಜೆ ಕೂತು ಬರೆಯುವ ಸಾರ್ಜೆಂಟ್‌ಗೆ ನೀವು ಎರಡು ವರ್ಷದ ಹಿಂದೆ ಮಾಡಿದ್ದು ಎಲ್ಲಿ ನೆನಪಿರುತ್ತದೆ? ಅವನು 'ಕರ್ತವ್ಯಕ್ಕೆ ಸದಾ ಬದ್ಧ' ಅಂತ ಹಳೆಯ ಫಾರಂನಿಂದ ಎತ್ತಿ ಅಂಟಿಸುತ್ತಾನೆ. ಅದನ್ನು ಓದಿದ ಯಾರೇ ಆಗಲಿ ಎಎಎಂಗೆ ಇಳಿಸುತ್ತಾರೆ, ನಾನಾದರೂ ಇಳಿಸುತ್ತೇನೆ. ಅದರ ಬದಲು, 'ಎನ್‌ಟಿಸಿ ತರಬೇತಿ ಕೇಂದ್ರದ ರೊಟೇಶನ್ ಪೂರ್ತಿ 14 ಹಮ್ವೀ ಗಾಡಿಗಳ ಉಸ್ತುವಾರಿ ಹೊತ್ತು, ಒಂದನ್ನೂ ನಿಲ್ಲಿಸದೆ ಓಡಿಸಿದ' ಅಂತ ಬರೆಯಿರಿ. ಎಷ್ಟು ಗಾಡಿ, ಎಷ್ಟು ಜನಕ್ಕೆ ತರಬೇತಿ, ಎಷ್ಟು ಡಾಲರ್‌ನ ಸಾಮಾನು ಒಂದೂ ಕಳೆಯದೆ ಒಪ್ಪಿಸಿದಿರಿ. ಲೆಕ್ಕ ಇರಲಿ, ಆ ಲೆಕ್ಕ ನಿಜ ಇರಲಿ. ಹಳೆಯ ಎನ್‌ಸಿಒಇಆರ್ (ಸಾರ್ಜೆಂಟ್‌ಗಳ ಕೆಲಸದ ಮೌಲ್ಯಮಾಪನ ವರದಿ), ಕೌನ್ಸೆಲಿಂಗ್ ಕಾಗದ ತೆಗೆದರೆ ಅರ್ಧ ಬುಲೆಟ್ ಅಲ್ಲೇ ಸಿಗುತ್ತದೆ. ಕೊಡುವಾಗ ಮಾತ್ರ ಜಂಬ ಬೇಡ. 'ಸಾರ್ಜೆಂಟ್, ನಿಮಗೆ ಸುಲಭ ಆಗಲಿ ಅಂತ' ಅಂದರೆ ಸಾಕು.

ಹೋಗುವಾಗ ಪದಕ ಕೊಡಲೇಬೇಕು ಅಂತ ಸೈನ್ಯದ ಪದಕ ನಿಯಮಾವಳಿ 600-8-22ರಲ್ಲಿ ಎಲ್ಲೂ ಇಲ್ಲ. ಇ-5 ದರ್ಜೆಗೆ ಇಷ್ಟು, ಇ-7 ದರ್ಜೆಗೆ ಇಷ್ಟು ಅನ್ನುವುದು ಯೂನಿಟ್‌ಗಳು ತಾವೇ ಮಾಡಿಕೊಂಡ ಚಾಳಿ. ಅದು ನನಗೂ ಹಿಡಿಸುವುದಿಲ್ಲ. ಹಾಗಂತ ನಿಮ್ಮ ಕಾಗದ ನೀವೇ ಹರಿದರೆ ಚಾಳಿ ನಿಲ್ಲುತ್ತದಾ?

ನಮ್ಮ ಸ್ಕ್ವಾಡ್‌ನಲ್ಲೂ ಒಬ್ಬ ಹಾಗೇ ಬೇಡ ಅಂದ. ಮೋಟಾರ್ ಪೂಲ್‌ನಲ್ಲಿ ಅವನ ಕೈ ಮುಟ್ಟದ ಗಾಡಿ ಇರಲಿಲ್ಲ. ಸೈನ್ಯದ ಸಹವಾಸವೇ ಸಾಕು ಅಂತ ಹೋದವನು ಆಮೇಲೆ ರಾಜ್ಯಗಳ ಅರೆಕಾಲಿಕ ಪಡೆಯಾದ ನ್ಯಾಷನಲ್ ಗಾರ್ಡ್ ಸೇರಿದ. ಸ್ಪೆಷಲಿಸ್ಟ್‌ನಿಂದ ಸಾರ್ಜೆಂಟ್ ಆಗಲು ಅಲ್ಲೂ ಪದಕಕ್ಕೆ ಅಂಕ. ನಮ್ಮ ಕಾಲದ ಪಟ್ಟಿಯಲ್ಲಿ ಎಎಎಂಗೆ 10, ಆರ್ಕಾಮ್‌ಗೆ 20 ಇತ್ತು. ಆಗ ಹಳೆಯ ಶಿಫಾರಸು ಎಬ್ಬಿಸಲು ಓಡಾಡಿದ. ಮಾಡಿದ ಕೆಲಸಕ್ಕೆ ಎರಡು ವರ್ಷದೊಳಗೆ ಶಿಫಾರಸು ಹಾಕಬೇಕು, ಅದು ದಾಟಿ ಹೋಗಿತ್ತು. ಬರೆಯಬೇಕಾದ ಪ್ಲಟೂನ್ ಸಾರ್ಜೆಂಟ್ ನಿವೃತ್ತ, ಲೆಫ್ಟಿನೆಂಟ್ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ನಾನು ಇನ್ನು ಯಾವತ್ತೂ ಯೂನಿಫಾರ್ಮ್ ಹಾಕಲ್ಲ ಅಂತ ನೀವೂ ಬರೆದಿದ್ದೀರಿ. ಅವನೂ ಅದನ್ನೇ ಹೇಳುತ್ತಿದ್ದ.

ಪದಕದಿಂದ ಸಿಗದ್ದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಈ ಗುಂಪಿನಲ್ಲಿ ಪುಕಾರು ಜಾಸ್ತಿ. ಎಎಎಂ, ಆರ್ಕಾಮ್‌ಗೆ ಮಾಜಿ ಸೈನಿಕರ ಇಲಾಖೆಯಾದ ವಿಎ ಒಂದು ಡಾಲರ್ ಕೂಡ ಜಾಸ್ತಿ ಕೊಡುವುದಿಲ್ಲ. ಸರ್ಕಾರಿ ಕೆಲಸಕ್ಕೆ ಸಿಗುವ 5 ಅಂಕದ ವೆಟರನ್ ಆದ್ಯತೆಯೂ ಇವುಗಳಿಂದ ಬರುವುದಿಲ್ಲ. ಅದಕ್ಕೆ ನೋಡುವುದು ಕ್ಯಾಂಪೇನ್ ಮೆಡಲ್, ಸೇವೆಯ ಅವಧಿ ಇಂಥವು. ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್‌ಗೆ 10 ಅಂಕ, ಅದರ ಕಥೆ ಬೇರೆ.

ಫಾರ್ಮೇಶನ್ ಮುಂದೆ ನಿಂತು ಕೈ ಕುಲುಕುವುದು ಹಿಂಸೆ ಅನ್ನಿಸಿದರೆ ಸಮಾರಂಭ ಬೇಡ, ಕಾಗದ ಸಾಕು ಅನ್ನಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಬಿಸಿಲಲ್ಲಿ ನಿಲ್ಲೋದು ತಪ್ಪಿತು ಅಂತ ಹುಡುಗರು ಖುಷಿಪಡುತ್ತಾರೆ. ಆದರೆ ಬಿಡುಗಡೆಗೆ ಮುಂಚಿನ ಕೊನೆಯ ರಜೆ, ಅಂದರೆ ಟರ್ಮಿನಲ್ ಲೀವ್, ಶುರುವಾಗುವ ಮುಂಚೆ ಆರ್ಡರ್ ನಂಬರ್ ಬಿದ್ದ ಪ್ರತಿ ಕೈಯಲ್ಲಿರಲಿ. ಬಿಡುಗಡೆ ಪತ್ರವಾದ ಡಿಡಿ 214ರ ಬ್ಲಾಕ್ 13ರಲ್ಲಿ ಪದಕ ಬಂದಿದೆಯಾ ಅಂತ ಸಹಿ ಮಾಡುವ ಮುಂಚೆ ಬೆರಳಿಟ್ಟು ಓದಿ. ತಪ್ಪಿಹೋದರೆ ಡಿಡಿ 215 ಅಂತ ತಿದ್ದುಪಡಿ ಇದೆ, ಅದಕ್ಕೆ ಕಾಯುವ ಕರ್ಮ ಯಾರಿಗೂ ಬೇಡ. ಫೈಲೆಲ್ಲ ಸರ್ಕಾರದ ಹತ್ತಿರ ಇದೆಯಲ್ಲ ಅನ್ನುವವರು 1973ರಲ್ಲಿ ಸೇಂಟ್ ಲೂಯಿಸ್‌ನ ಸೈನಿಕ ದಾಖಲೆ ಕೇಂದ್ರಕ್ಕೆ ಬಿದ್ದ ಬೆಂಕಿ ನೆನಪಿಟ್ಟುಕೊಳ್ಳಿ. 1912ರಿಂದ 1960ರವರೆಗೆ ಬಿಡುಗಡೆಯಾದ ಸೈನಿಕರ ಕೋಟಿಗೂ ಹೆಚ್ಚು ಫೈಲು ಅಲ್ಲಿ ಸುಟ್ಟುಹೋದವು. ಸ್ಕ್ಯಾನ್ ಮಾಡಿ, ಎರಡು ಕಡೆ ಇಡಿ. ಮೆಡಿಕಲ್ ಫೈಲೂ ಸೇರಿಸಿ.

ಯೂನಿಫಾರ್ಮ್ ಮೇಲೆ ಹಾಕುವ ಪದಕದ ರಿಬ್ಬನ್‌ಗೆ ವ್ಯಾನ್‌ಗಾರ್ಡ್ ಕಂಪನಿಯದ್ದು ಸಾಕು. ತೆಳುವಾಗಿ ಒಟ್ಟಿಗೆ ಮಾಡಿಸುವ ಅಲ್ಟ್ರಾಥಿನ್ ನೋಡಲು ಚೆಂದ, ಆದರೆ ಹೊಸದು ಬಂದಾಗ ಇಡೀ ರ‍್ಯಾಕ್ ಮತ್ತೆ ಮಾಡಿಸಬೇಕು. ಹೊರಗೆ ಹೋಗುತ್ತಿರುವವರಿಗೆ ಅದು ದಂಡ. ಪದಕ ಇಟ್ಟು ಗೋಡೆಗೆ ಹಾಕುವ ಗಾಜಿನ ಪೆಟ್ಟಿಗೆ, ಶ್ಯಾಡೋ ಬಾಕ್ಸ್, ಮಾಡಿಸುವವರು ಯುವಿ ತಡೆಯುವ ಗಾಜನ್ನೇ ಕೇಳಿ, ಕಿಟಕಿಯ ಎದುರು ನೇತುಹಾಕಬೇಡಿ, ಬಣ್ಣ ಹೋಗುತ್ತದೆ. ಸೈನ್ಯದ ಸಾಮಾನು ಕೊಟ್ಟು ವಾಪಸ್ ಪಡೆಯುವ ಸಿಐಎಫ್‌ಗೆ ಒಪ್ಪಿಸುವ ಸಾಮಾನು ಈಗಲೇ ತೊಳೆಯಲು ಶುರುಮಾಡಿ.

ಈ ಪದಕದ ಗಲಾಟೆಯಲ್ಲಿ ನೀವು ಬಿಡಿಡಿ ಬಗ್ಗೆ ಒಂದು ಅಕ್ಷರವೂ ಬರೆದಿಲ್ಲ. ವಿಎ ಅಂಗವೈಕಲ್ಯ ಪರಿಹಾರದ ಕ್ಲೇಮನ್ನು ಸೈನ್ಯದ ಒಳಗಿದ್ದಾಗಲೇ ಹಾಕುವ ಆ ದಾರಿ, ಬಿಡುಗಡೆಗೆ 180ರಿಂದ 90 ದಿನ ಇರುವಾಗ ಮಾತ್ರ ತೆರೆದಿರುತ್ತದೆ. ನಾಲ್ಕು ತಿಂಗಳು ಅಂದರೆ ನಿಮಗೆ ಉಳಿದದ್ದು ಹೆಚ್ಚೆಂದರೆ ಒಂದು ತಿಂಗಳು. ಮೊಣಕಾಲು, ಬೆನ್ನು, ಕಿವಿ ಏನಿದ್ದರೂ ಸಿಕ್ ಕಾಲ್‌ಗೆ (ಸೈನ್ಯದ ವೈದ್ಯರ ಬಳಿ) ಹೋಗಿ ಫೈಲಿನಲ್ಲಿ ಬರೆಸಿ, ಈ ವಾರವೇ ಅರ್ಜಿ ಹಾಕಿ. ಎಎಎಂ ಜಗಳ ಆಮೇಲೆ ಆಡೋಣ. 638ರ ಪ್ರತಿ ಸಿಕ್ಕಿದಾಗ ಹೆಸರು ಮುಚ್ಚಿ ಇಲ್ಲಿ ಹಾಕಿ, ಬುಲೆಟ್ ನೋಡಿ ಹೇಳುತ್ತೇನೆ.