ಟ್ಯಾಲಿಯಲ್ಲಿ ಕ್ಯಾಶ್ ಮೈನಸ್ ತೋರಿಸುತ್ತಿದೆ, ಎಲ್ಲಿ ತಪ್ಪಾಗಿರಬಹುದು?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಮದ್ದೂರಿನ ಹತ್ತಿರ ಪೈಪು, ಪಂಪ್‌ಸೆಟ್ ಸಾಮಾನಿನ ಅಂಗಡಿ. ಅಪ್ಪನ ಕಾಲದಿಂದ ಪುಸ್ತಕದಲ್ಲೇ ಲೆಕ್ಕ, ಈ ಏಪ್ರಿಲ್‌ನಿಂದ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್. ಬಿಲ್ಲು ಒಂದೂ ಬಿಡದೆ ಹಾಕಿದ್ದೀರಿ, ಆದರೂ ಆಗಸ್ಟ್‌ನಲ್ಲಿ ಕ್ಯಾಶ್ 62,000 ಮೈನಸ್. ಆಡಿಟರ್ ಬೈದಿದ್ದಾರೆ. ಗಲ್ಲಾದಲ್ಲಿ ದುಡ್ಡು ಕಣ್ಣಿಗೆ ಕಾಣುತ್ತಿರುವಾಗ ಕಂಪ್ಯೂಟರ್ ಮೈನಸ್ ಅಂತ ಹೇಗೆ ಹೇಳುತ್ತದೆ ಅನ್ನುವುದು ನಿಮ್ಮ ಪ್ರಶ್ನೆ, ಅಲ್ವಾ?

ನಾನು ಮಂಡ್ಯದಲ್ಲಿ ಹತ್ತೊಂಬತ್ತು ವರ್ಷದಿಂದ ಅಂಗಡಿಗಳ ಲೆಕ್ಕ ಬರೆಯುತ್ತಿದ್ದೇನೆ. ಪುಸ್ತಕದಿಂದ ಟ್ಯಾಲಿಗೆ ಬಂದ ಹೆಚ್ಚಿನವರಿಗೆ ಮೊದಲ ವರ್ಷ ಇದೇ ಆಗುತ್ತದೆ. ಹೆದರಬೇಡಿ, ಇದು ಸರಿಹೋಗುತ್ತದೆ. ಆದರೆ ಸರಿಯಾದ ಕಾರಣ ಹುಡುಕಿ ಸರಿಮಾಡಬೇಕು, ಸುಮ್ನೆ ಒಂದು ಎಂಟ್ರಿ ತುಂಬಿ ಮುಚ್ಚಬಾರದು.

ಗಲ್ಲಾದಲ್ಲಿ ಇಲ್ಲದ ದುಡ್ಡನ್ನು ಯಾರೂ ಖರ್ಚು ಮಾಡಲು ಆಗುವುದಿಲ್ಲ. ಕೈಯಲ್ಲಿ ಐನೂರು ಇದ್ದರೆ ಆರುನೂರು ಕೊಡಲು ಬರುತ್ತದಾ? ಹಾಗಾಗಿ ಕ್ಯಾಶ್ ಮೈನಸ್ ಅಂದರೆ ಒಳಗೆ ಬಂದ ದುಡ್ಡನ್ನು ಎಲ್ಲೋ ಬರೆದಿಲ್ಲ, ಇಲ್ಲವೇ ಹೊರಗೆ ಹೋಗದ ದುಡ್ಡನ್ನು ಹೋಗಿದೆ ಎಂದು ಬರೆದಿದೆ, ಅದೂ ಅಲ್ಲದಿದ್ದರೆ ತಾರೀಕು ತಪ್ಪಿದೆ.

ಮೊದಲು ಮೈನಸ್ ಶುರುವಾದ ದಿನ ಹಿಡಿಯಿರಿ. ಆಗಸ್ಟ್ ತಿಂಗಳನ್ನೇ ನೋಡುತ್ತಾ ಕೂರಬೇಡಿ, ತಪ್ಪು ಮೇ ತಿಂಗಳಲ್ಲೇ ಆಗಿರಬಹುದು. ಡಿಸ್ಪ್ಲೇ ಮೋರ್ ರಿಪೋರ್ಟ್ಸ್‌ನಲ್ಲಿ ಅಕೌಂಟ್ ಬುಕ್ಸ್, ಅದರಲ್ಲಿ ಕ್ಯಾಶ್ ಬ್ಯಾಂಕ್ ಬುಕ್, ಅಲ್ಲಿ ಕ್ಯಾಶ್ ಮೇಲೆ ಎಂಟರ್ ಹೊಡೆದರೆ ತಿಂಗಳು ತಿಂಗಳು ಕಾಣುತ್ತದೆ. ತಿಂಗಳ ಕೊನೆಯ ಬಾಕಿ ಸರಿಯಾಗಿ ಕಂಡರೂ ಮಧ್ಯದಲ್ಲಿ ಹತ್ತು ದಿನ ಮೈನಸ್ ಇರಬಹುದು, ಅದಕ್ಕೇ ಏಪ್ರಿಲ್ ಒಳಗೆ ಹೋಗಿ ಎಫ್ 12 ಒತ್ತಿ ರನ್ನಿಂಗ್ ಬ್ಯಾಲೆನ್ಸ್, ಅಂದರೆ ಪ್ರತಿ ಎಂಟ್ರಿ ಆದ ಮೇಲಿನ ಬಾಕಿ, ತೋರಿಸುವಂತೆ ಮಾಡಿ, ಒಂದೊಂದೇ ಸಾಲು ಇಳಿಯುತ್ತಾ ಬನ್ನಿ. ಬಾಕಿ ಡೆಬಿಟ್‌ನಿಂದ ಕ್ರೆಡಿಟ್‌ಗೆ ತಿರುಗಿದ, ಅಂದರೆ ಮೈನಸ್ ಆದ, ಮೊದಲ ಸಾಲಿನಲ್ಲಿ ನಿಲ್ಲಿ. ಆ ತಾರೀಕಿನ ಹಿಂದೆ ಮುಂದೆ ನಾಲ್ಕು ದಿನದಲ್ಲೇ ಸಾಮಾನ್ಯವಾಗಿ ಕಾರಣ ಸಿಗುತ್ತದೆ. ಇದಕ್ಕೂ ಮೊದಲು ಒಂದು ನೋಡಿ. ಏಪ್ರಿಲ್ 1ರ ಬೆಳಿಗ್ಗೆ ಗಲ್ಲಾದಲ್ಲಿ ಇದ್ದ ದುಡ್ಡನ್ನು ಓಪನಿಂಗ್ ಬ್ಯಾಲೆನ್ಸ್ ಆಗಿ ಹಾಕಿದ್ದೀರಾ? ಅಪ್ಪನ ಪುಸ್ತಕದ ಕೊನೆಯ ಪುಟದಲ್ಲಿ ಆ ಮೊತ್ತ ಇರಬೇಕು.

ಈಗ ನಿಮ್ಮಂಥ ಅಂಗಡಿಯಲ್ಲಿ ಅತಿ ಜಾಸ್ತಿ ಆಗುವ ತಪ್ಪಿಗೆ ಬರುತ್ತೇನೆ. ನಮ್ಮ ಜಿಲ್ಲೆಯಲ್ಲಿ ಪೈಪು, ಮೋಟರ್ ತೆಗೆದುಕೊಳ್ಳುವವರು ಬಹಳ ಜನ ಕಬ್ಬು ಬೆಳೆಯುವವರು. ಬೋರ್ ಕೆಟ್ಟಾಗ ಸಾಮಾನು ತಕ್ಷಣ ಬೇಕು, ದುಡ್ಡು ಮಾತ್ರ ಕಬ್ಬಿನ ಬಿಲ್ ಆದ ಮೇಲೆ. ನೀವು ಎಫ್ 8 ಒತ್ತಿ ಸೇಲ್ಸ್ ಬಿಲ್ ಮಾಡುತ್ತೀರಿ, ಪಾರ್ಟಿ, ಅಂದರೆ ಗಿರಾಕಿಯ ಹೆಸರು ಹಾಕುತ್ತೀರಿ, ಸರಿಯಾಗಿದೆ. ಮೂರು ತಿಂಗಳಾದ ಮೇಲೆ ಅವರು ಸಂತೆಗೆ ಬಂದವರು ಹಾಗೇ ಅಂಗಡಿಗೆ ಬಂದು ಎಂಟು ಸಾವಿರ ಕೈಗೆ ಕೊಟ್ಟು ಹೋಗುತ್ತಾರೆ. ಅವತ್ತು ಅಂಗಡಿಯಲ್ಲಿ ಜನ. ಅಪ್ಪ ದುಡ್ಡು ಗಲ್ಲಾಕ್ಕೆ ಹಾಕಿ, ಹಳೇ ಅಭ್ಯಾಸದಂತೆ ಚೀಟಿಯಲ್ಲಿ ಗುರುತು ಮಾಡಿಕೊಂಡಿರುತ್ತಾರೆ. ಟ್ಯಾಲಿಗೆ ಅದು ಬರುವುದೇ ಇಲ್ಲ. ಅದೇ ಗಲ್ಲಾದಿಂದ ಸಂಜೆ ಹಮಾಲಿ, ಆಟೋ, ಕರೆಂಟ್ ಬಿಲ್ ಅಂತ ಹೋದದ್ದನ್ನು ಮಾತ್ರ ನೀವು ಚಾಚೂ ತಪ್ಪದೆ ಎಫ್ 5 ಪೇಮೆಂಟ್‌ನಲ್ಲಿ ಹಾಕುತ್ತೀರಿ. ಹೋದದ್ದು ಪೂರ್ತಿ ಬರೆದಿದೆ, ಬಂದದ್ದು ಅರ್ಧ ಬರೆದಿದೆ. ಮೈನಸ್ ಬರದೆ ಇನ್ನೇನು ಬರುತ್ತದೆ ಹೇಳಿ.

ಮಾರಿದ್ದು ಒಂದು ಸಂಗತಿ, ದುಡ್ಡು ಬಂದದ್ದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಎಂಟ್ರಿ. ದುಡ್ಡು ಬಂದ ದಿನ ಎಫ್ 6 ರಿಸೀಟ್ ಹಾಕಿ, ಪಾರ್ಟಿ ಹೆಸರು ಹಾಕಿ, ಯಾವ ಬಿಲ್ಲಿನ ದುಡ್ಡು ಅಂತ (ಬಿಲ್‌ವೈಸ್) ಕೇಳಿದಾಗ ಅಗೇನ್‌ಸ್ಟ್ ರೆಫರೆನ್ಸ್ ಆರಿಸಿ ಹಳೇ ಬಿಲ್ ನಂಬರ್‌ಗೆ ಜೋಡಿಸಿ. ಆಗ ಆ ಬಿಲ್ ಬಾಕಿ ಪಟ್ಟಿಯಿಂದ ಹೋಗುತ್ತದೆ. ಕೆಲವರು ಇನ್ನೊಂದು ತಪ್ಪು ಮಾಡುತ್ತಾರೆ. ದುಡ್ಡು ಬಂತಲ್ಲ ಅಂತ ಮತ್ತೆ ಎಫ್ 8 ಒತ್ತಿ ಕ್ಯಾಶ್ ಸೇಲ್ಸ್ ಮಾಡುತ್ತಾರೆ. ಕ್ಯಾಶ್ ಸರಿಹೋದಂತೆ ಕಾಣುತ್ತದೆ, ಆದರೆ ಒಂದೇ ಮೋಟರನ್ನು ಎರಡು ಸಲ ಮಾರಿದಂತಾಗಿ, ಜಿಎಸ್‌ಟಿಯನ್ನೂ ಎರಡು ಸಲ ಕಟ್ಟುತ್ತೀರಿ. ಅತ್ತ ರೈತನ ಹೆಸರಿನಲ್ಲಿ ಬಾಕಿ ಹಾಗೇ ನಿಂತಿರುತ್ತದೆ. ಕೊಟ್ಟ ಮನುಷ್ಯನನ್ನೇ ಮತ್ತೆ ಕೇಳುವಂತಾದರೆ ಅಂಗಡಿಯ ಮರ್ಯಾದೆ ಏನಾಗಬೇಕು?

ಖರೀದಿಯ ಕಡೆ ಇದೇ ತಪ್ಪು ತಿರುಗಿ ಆಗುತ್ತದೆ. ಎಫ್ 9 ಪರ್ಚೇಸ್‌ನಲ್ಲಿ ಪಾರ್ಟಿ ಜಾಗದಲ್ಲಿ ಡೀಲರ್ ಹೆಸರಿನ ಬದಲು ಕ್ಯಾಶ್ ಅಂತ ಹಾಕಿದರೆ ಅವತ್ತೇ ಗಲ್ಲಾದಿಂದ ಪೂರ್ತಿ ಬಿಲ್ ದುಡ್ಡು ಹೋದಂತೆ. ನೀವು ಅವರಿಗೆ ಕೊಡುವುದು ತಿಂಗಳಾದ ಮೇಲೆ, ಅದೂ ಬ್ಯಾಂಕಿನಿಂದ. ಡೀಲರ್ ಖಾತೆ ತೆಗೆದು ನೋಡಿ. ನೀವು ಅವರಿಗೆ ಕೊಡಬೇಕಾದ್ದು ಇರುವ ಕಡೆ, ಅವರೇ ನಿಮಗೆ ಕೊಡಬೇಕು ಅಂತ ತೋರಿಸುತ್ತಿದ್ದರೆ ಇದೇ ಆಗಿದೆ ಎಂದು ತಿಳಿಯಿರಿ.

ಬ್ಯಾಂಕಿನಿಂದ ದುಡ್ಡು ಬಿಡಿಸಿ ಗಲ್ಲಾಕ್ಕೆ ತಂದರೆ, ಗಲ್ಲಾದ ದುಡ್ಡು ಬ್ಯಾಂಕಿಗೆ ಕಟ್ಟಿದರೆ, ಅದು ಎಫ್ 4 ಕಾಂಟ್ರಾ. ಖರ್ಚೂ ಅಲ್ಲ, ಆದಾಯವೂ ಅಲ್ಲ, ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಅಷ್ಟೇ. ಹುಡುಗರ ಸಂಬಳಕ್ಕೆ ಅಂತ ಮೂವತ್ತು ಸಾವಿರ ಬಿಡಿಸಿದ್ದನ್ನು ನೇರ ಬ್ಯಾಂಕಿನಿಂದಲೇ ಸಂಬಳ ಅಂತ ಪೇಮೆಂಟ್ ಹಾಕಿ, ಆಮೇಲೆ ಕೈಗೆ ಕೊಟ್ಟಾಗ ಕ್ಯಾಶ್‌ನಿಂದ ಮತ್ತೆ ಸಂಬಳ ಹಾಕಿರುವವರನ್ನು ನೋಡಿದ್ದೇನೆ. ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಟುಕೊಂಡು ಕ್ಯಾಶ್ ವಿತ್‌ಡ್ರಾ ಅಂತ ಇರುವ ಪ್ರತಿ ಸಾಲಿಗೂ ಕಾಂಟ್ರಾ ಇದೆಯಾ ನೋಡಿ. ಸ್ಟೇಟ್‌ಮೆಂಟಿನಲ್ಲಿ ದುಡ್ಡು ಬಂದರೆ ಕ್ರೆಡಿಟ್ ಅಂತ ಇರುತ್ತದೆ, ಟ್ಯಾಲಿಯಲ್ಲಿ ಅದೇ ಡೆಬಿಟ್. ಇದರಿಂದ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಬ್ಯಾಂಕಿನವರು ಬರೆಯುವುದು ಅವರ ಪುಸ್ತಕ. ನಿಮ್ಮ ದುಡ್ಡು ಅವರಿಗೆ ಸಾಲ, ನಿಮಗೆ ಆಸ್ತಿ. ಅದಕ್ಕೇ ಕಡೆ ಬದಲಾಗುತ್ತದೆ.

ಇನ್ನು ಮನೆ ದುಡ್ಡು. ಇದಕ್ಕೆ ನನ್ನದೇ ಅನುಭವ ಹೇಳಬೇಕು. ನನ್ನ ಮೊದಲ ಕೆಲಸ ಮಂಡ್ಯದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ. ಮಾರ್ಚ್ ಕೊನೆಗೆ ಕೂತು ನೋಡಿದರೆ ದೀಪಾವಳಿ ವಾರದಲ್ಲಿ 41,000 ಮೈನಸ್. ಹುಡುಗರ ಬೋನಸ್, ಲಾರಿ ಬಾಡಿಗೆ, ಹಮಾಲಿ ಎಲ್ಲಾ ಬರೆದಿದೆ, ಅಷ್ಟು ದುಡ್ಡು ಎಲ್ಲಿಂದ ಬಂತು ಅನ್ನುವುದಿಲ್ಲ. ಎರಡು ದಿನ ಹುಡುಕಿದೆ. ಅಷ್ಟರಲ್ಲಿ ಕೌಂಟರ್‌ನಲ್ಲಿದ್ದ ಹುಡುಗನ ಮೇಲೆ ಎಲ್ಲರಿಗೂ ಅನುಮಾನ. ಅವನು ಊಟ ಬಿಟ್ಟು ಗೋದಾಮಿನಲ್ಲಿ ಕೂತಿದ್ದ. ಮೂರನೇ ದಿನ ಯಜಮಾನರ ಹೆಂಡತಿ ಏನೋ ಕೆಲಸಕ್ಕೆ ಅಂಗಡಿಗೆ ಬಂದವರು, ನಾವು ಮಾತಾಡುವುದು ಕೇಳಿ, ‘ಅವತ್ತು ಇವರ ಉಳಿತಾಯ ಖಾತೆಯಿಂದ ಐವತ್ತು ಸಾವಿರ ಬಿಡಿಸಿ ತಂದುಕೊಟ್ಟಿದ್ದು ನಾನೇ ಅಲ್ವಾ’ ಅಂದರು. ಪಾಸ್‌ಬುಕ್ ತರಿಸಿದೆವು, ಅದೇ ತಾರೀಕು, ಅದೇ ಮೊತ್ತ. ಯಜಮಾನರು ಮರೆತೇಬಿಟ್ಟಿದ್ದರು. ರಿಸೀಟ್ ಒಂದು ಹಾಕಿ, ಕ್ಯಾಪಿಟಲ್, ಅಂದರೆ ಯಜಮಾನರ ಬಂಡವಾಳದ ಖಾತೆಗೆ ಜಮಾ ಮಾಡಿದರೆ ಮುಗಿಯುವ ಕೆಲಸ. ಆ ಹುಡುಗನ ಮುಖ ಇವತ್ತಿಗೂ ನನಗೆ ನೆನಪಿದೆ. ಲೆಕ್ಕ ಅವತ್ತವತ್ತೇ ಬರೆಯಿರಿ ಅಂತ ನಾನು ಎಲ್ಲರಿಗೂ ಗೋಗರೆಯುವುದು ಅವನಿಂದಾಗಿಯೇ.

ಹಾಗಾಗಿ ಮನೆಯಿಂದ ಅಂಗಡಿಗೆ ತಂದದ್ದು ಕ್ಯಾಪಿಟಲ್. ಅಂಗಡಿಯಿಂದ ಮನೆಗೆ ಒಯ್ದದ್ದು, ಮಗಳ ಫೀಸು, ಅಕ್ಕಿ ಮೂಟೆ, ಮದುವೆ ಮುಯ್ಯಿ, ಎಲ್ಲಾ ಡ್ರಾಯಿಂಗ್ಸ್. ಒಂದು ಡ್ರಾಯಿಂಗ್ಸ್ ಲೆಡ್ಜರ್, ಅಂದರೆ ಖಾತೆ, ಮಾಡಿಡಿ. ಎಂಟ್ರಿ ಹಾಕುತ್ತಿರುವಾಗಲೇ ಆಲ್ಟ್ ಮತ್ತು ಸಿ ಒಟ್ಟಿಗೆ ಒತ್ತಿದರೆ ಹೊಸ ಲೆಡ್ಜರ್ ಅಲ್ಲೇ ಮಾಡಬಹುದು, ಹೊರಗೆ ಬರಬೇಕಾಗಿಲ್ಲ.

ಫೋನಿಗೆ ಬರುವ ದುಡ್ಡಿನ ವಿಷಯಕ್ಕೂ ಇದೇ ಎಚ್ಚರಿಕೆ ಬೇಕು. ಗಿರಾಕಿ ಸ್ಕ್ಯಾನ್ ಮಾಡಿದರೆ ದುಡ್ಡು ಹೋಗುವುದು ಬ್ಯಾಂಕಿಗೆ, ಗಲ್ಲಾಕ್ಕಲ್ಲ. ಆ ಬಿಲ್ಲಿಗೆ ಕ್ಯಾಶ್ ಅಂತ ಹಾಕಿದರೆ ಟ್ಯಾಲಿಯಲ್ಲಿ ಕ್ಯಾಶ್ ಉಬ್ಬುತ್ತದೆ, ಬ್ಯಾಂಕ್ ತಾಳೆ ಆಗುವುದಿಲ್ಲ, ನಿಜವಾದ ಮೈನಸ್ ಇದ್ದರೂ ಈ ಉಬ್ಬು ಅದನ್ನು ಮುಚ್ಚಿಡುತ್ತದೆ. ನಿಮ್ಮದು 62,000 ಅಂತ ಕಾಣುತ್ತಿದೆ, ಸ್ಕ್ಯಾನ್ ಮಾಡಿದ್ದನ್ನೆಲ್ಲಾ ಬ್ಯಾಂಕಿಗೆ ತಿರುಗಿಸಿದರೆ ಇನ್ನೂ ಜಾಸ್ತಿ ಆಗಬಹುದು. ಆದರೂ ತಿರುಗಿಸಿ. ಅಂಗಡಿ ಕ್ಯೂಆರ್ ಕೋಡಿಗೆ ಮನೆಯ ದುಡ್ಡು, ಸ್ನೇಹಿತರ ದುಡ್ಡು ಹಾಕಿಸಿಕೊಳ್ಳುವುದನ್ನು ಇವತ್ತೇ ನಿಲ್ಲಿಸಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೊತ್ತ ನೋಡಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟು ಗಲಾಟೆ ಆಯಿತು ನೆನಪಿದೆಯಲ್ಲ? ಯಾವ ದುಡ್ಡು ವ್ಯಾಪಾರದ್ದು, ಯಾವುದು ಕೈಸಾಲ, ಯಾವುದು ಮನೆಯದು ಅಂತ ತೋರಿಸಲು ಲೆಕ್ಕವೇ ಇಲ್ಲದವರಿಗೆ ಅವತ್ತು ತುಂಬಾ ಕಷ್ಟವಾಯಿತು.

ಕೈಸಾಲ ಅಂದೆನಲ್ಲ, ಇದನ್ನು ಗಮನವಿಟ್ಟು ಓದಿ. ಕ್ಯಾಶ್ ಮೈನಸ್ ಇದ್ದಾಗ ಯಾರಾದರೂ ನಿಮಗೆ, ಭಾವಮೈದುನನ ಹೆಸರಲ್ಲಿ 70,000 ಕೈಸಾಲ ಬಂತು ಅಂತ ಒಂದು ರಿಸೀಟ್ ಹಾಕಿಬಿಡಿ, ಸರಿಹೋಗುತ್ತದೆ ಅನ್ನುತ್ತಾರೆ. ಖಂಡಿತ ಹಾಕಬೇಡಿ. ಅದು ಸುಳ್ಳು ಲೆಕ್ಕ. ಅದರ ಮೇಲೆ, 20,000 ಅಥವಾ ಅದಕ್ಕಿಂತ ಜಾಸ್ತಿ ಸಾಲವನ್ನು ನಗದಿನಲ್ಲಿ ತೆಗೆದುಕೊಳ್ಳುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲೇ ತಡೆ ಇದೆ, ದಂಡ ಆ ಸಾಲದಷ್ಟೇ ಆಗಬಹುದು. ಇಲ್ಲದ ತಪ್ಪನ್ನು ಕೈಯಾರೆ ಬರೆದುಕೊಟ್ಟಂತೆ. ಹಾಗೆಂದು ಮೈನಸ್ ಬಿಟ್ಟರೂ ಆಗದು, ಲೆಕ್ಕಕ್ಕೆ ತೋರಿಸದ ಆದಾಯದಿಂದ ಖರ್ಚು ಮಾಡಿದ್ದೀರಿ ಅಂತ ಅಧಿಕಾರಿಗಳು ಕೇಳಬಹುದು. ನಿಮ್ಮ ಆಡಿಟರ್ ಬೈದದ್ದು ಇದಕ್ಕೇ, ಕೋಪದಿಂದಲ್ಲ.

ಖರ್ಚಿನ ಕಡೆಗೂ ಒಂದು ಮಿತಿ ಇದೆ. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದಿನಲ್ಲಿ ಕೊಟ್ಟರೆ ಅದನ್ನು ಖರ್ಚು ಅಂತ ಒಪ್ಪುವುದಿಲ್ಲ, ಲಾರಿಯವರಿಗಾದರೆ 35,000 ತನಕ ಬಿಡುತ್ತಾರೆ. ಬೆಳಿಗ್ಗೆ ಆರು ಸಾವಿರ, ಸಂಜೆ ಆರು ಸಾವಿರ ಅಂತ ಒಡೆದರೂ ಅದು ಒಂದೇ ದಿನದ ಲೆಕ್ಕ. ಚೆಕ್ ಅಥವಾ ಬ್ಯಾಂಕ್ ಮೂಲಕ ಕೊಡಿ. ಹಾಗೆ ಕೊಟ್ಟರೆ ಕ್ಯಾಶ್ ಲೆಕ್ಕವೂ ಹಗುರವಾಗುತ್ತದೆ.

ತಾರೀಕಿನ ತಪ್ಪು ಚಿಕ್ಕದು, ಆದರೆ ಬಹಳ ಕಾಡುತ್ತದೆ. ಟ್ಯಾಲಿ ಹಿಂದಿನ ಎಂಟ್ರಿಯ ತಾರೀಕನ್ನೇ ಹಿಡಿದುಕೊಂಡಿರುತ್ತದೆ. 12ರ ಖರ್ಚು 2ಕ್ಕೆ ಹೋಗಿ ಕೂತರೆ ಹತ್ತು ದಿನ ಮೈನಸ್. ಎಂಟ್ರಿ ಶುರು ಮಾಡುವ ಮುಂಚೆ ಎಫ್ 2 ಒತ್ತಿ ತಾರೀಕು ಹಾಕುವುದು ಕೈಗೆ ಅಭ್ಯಾಸವಾಗಲಿ. ಎಫ್ 12ರಲ್ಲಿ ಕ್ಯಾಶ್ ಮೈನಸ್ ಆದರೆ ಎಚ್ಚರಿಸುವ ಆಯ್ಕೆ ಇದೆ, ಅದನ್ನೂ ಆನ್ ಮಾಡಿಡಿ.

ಟ್ಯಾಲಿ ಹುಟ್ಟಿದ್ದೇ ನಿಮ್ಮಂಥ ಒಬ್ಬ ವ್ಯಾಪಾರಿಯ ತೊಂದರೆಯಿಂದ ಅನ್ನುವುದು ನನಗೆ ಇಷ್ಟದ ವಿಷಯ. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ವ್ಯಾಪಾರದ ಲೆಕ್ಕಕ್ಕೆ ಸರಿಯಾದ ಸಾಫ್ಟ್‌ವೇರ್ ಸಿಗದೆ ಮಗ ಭರತ್ ಗೋಯೆಂಕಾ ಅವರಿಗೆ ಮಾಡಲು ಹೇಳಿದರು. ಆದರೂ ಅಪ್ಪ ಚೀಟಿಯಲ್ಲಿ ಬರೆದು ಜೇಬಿಗಿಟ್ಟದ್ದು ಅದಕ್ಕೆ ಹೇಗೆ ಗೊತ್ತಾಗಬೇಕು?

ಅಪ್ಪನ ಅಭ್ಯಾಸ ಬಿಡಿಸಲು ಹೋಗಬೇಡಿ. ಗಲ್ಲಾದ ಪಕ್ಕದಲ್ಲಿ ಒಂದು ನೂರು ಪುಟದ ನೋಟ್‌ಬುಕ್ ದಾರ ಕಟ್ಟಿ ಇಡಿ. ಚೀಟಿಯ ಬದಲು ಅದರಲ್ಲೇ ಬರೆಯಲಿ, ಎಡಗಡೆ ಬಂದದ್ದು, ಬಲಗಡೆ ಹೋದದ್ದು, ಹೆಸರು, ಮೊತ್ತ, ಕ್ಯಾಶೋ ಫೋನೋ. ಅಷ್ಟು ಸಾಕು. ರಾತ್ರಿ ಶಟರ್ ಅರ್ಧ ಇಳಿಸಿದ ಮೇಲೆ ಅಪ್ಪ ಗಲ್ಲಾದ ನೋಟು ಎಣಿಸಲಿ, ನೀವು ನೋಟ್‌ಬುಕ್ ನೋಡಿ ಟ್ಯಾಲಿಗೆ ಹಾಕಿ, ಆ ದಿನದ ಎಂಟ್ರಿಗಳೆಲ್ಲಾ ಇರುವ ಡೇ ಬುಕ್ ತೆರೆದು ಒಂದು ಸಲ ಕಣ್ಣಾಡಿಸಿ, ಕ್ಯಾಶ್ ಎಷ್ಟಿದೆ ಅಂತ ಜೋರಾಗಿ ಓದಿ. ಎರಡೂ ಒಂದೇ ಆದರೆ ಮನೆಗೆ ಹೋಗಿ. ಇನ್ನೂರು ರೂಪಾಯಿ ವ್ಯತ್ಯಾಸ ಬಂದರೂ ಅವತ್ತೇ ಹುಡುಕಿ. ಮಧ್ಯಾಹ್ನ ತರಿಸಿದ ಕಾಫಿ, ವಡೆ, ಯಾರಿಗೋ ಕೊಟ್ಟ ಚಿಲ್ಲರೆ ಅವತ್ತು ರಾತ್ರಿ ನೆನಪಿರುತ್ತದೆ, ನಾಲ್ಕು ದಿನ ಬಿಟ್ಟರೆ ಇರುವುದಿಲ್ಲ.

ಈಗ ಏಪ್ರಿಲ್‌ನಿಂದ ಇಳಿಯುತ್ತಾ ಬಂದು ಮೊದಲು ಮೈನಸ್ ಆದ ತಾರೀಕು ಹಿಡಿದು, ಆ ದಿನದ ಮತ್ತು ಅದರ ಹಿಂದಿನ ಎರಡು ದಿನದ ಎಂಟ್ರಿಗಳನ್ನು ಇಲ್ಲಿ ಹಾಕಿ, ಪಾರ್ಟಿ ಹೆಸರು ಅಳಿಸಿ ಹಾಕಿ. ಭಾನುವಾರ ನನಗೆ ಬಿಡುವಿರುತ್ತದೆ, ಕೂತು ನೋಡುತ್ತೇನೆ. ಅಪ್ಪನ ಜೇಬಿನ, ಡ್ರಾಯರಿನ ಹಳೇ ಚೀಟಿಗಳು ಇದ್ದರೆ ಒಂದನ್ನೂ ಬಿಸಾಡಬೇಡಿ.