ಮದುವೆ ಕರಾರಿನ ಪೀಠಿಕೆ ಹೇಗೆ ಬರೆಯುವುದು?

ಮದುವೆಗೆ ಇನ್ನು ಎರಡು ತಿಂಗಳಿದೆ, ಆಸ್ತಿ, ಸಾಲ ಯಾರಿಗೆ ಸೇರಬೇಕು ಅಂತ ಇಬ್ಬರೂ ಕೂತು ಷರತ್ತುಗಳನ್ನೆಲ್ಲ ಬರೆದಾಗಿದೆ, ಮೊದಲ ಪುಟ ಮಾತ್ರ ಹೊಳೆಯುತ್ತಿಲ್ಲ, ರೆಡಿಮೇಡ್ ಪೀಠಿಕೆ ಇದ್ದರೆ ಕೊಡಿ ಅಂತ ಕೇಳಿದ್ದೀರಿ. ಮಾದರಿ ಕೊಡುತ್ತೇನೆ. ಆದರೆ ಅದನ್ನು ಹಾಗೇ ಎತ್ತಿ ಅಂಟಿಸಬೇಡಿ.

ನಾನು ಒಬ್ಬ ವಕೀಲರ ಆಫೀಸಿನಲ್ಲಿ ಕರಾರು ಪತ್ರಗಳ ಕರಡು ಬರೆಯುತ್ತೇನೆ. ಒಮ್ಮೆ ಒಂದು ಜೋಡಿ ತಾವೇ ಬರೆದ ಕರಾರನ್ನು ತಿದ್ದಿಸಲು ತಂದಿದ್ದರು. ಷರತ್ತುಗಳು ಅಚ್ಚುಕಟ್ಟಾಗಿದ್ದವು. ಮೊದಲ ಸಾಲು ನೋಡಿದರೆ, ‘ಗಂಡ ಹೆಂಡತಿಯರಾದ ನಾವಿಬ್ಬರೂ’ ಅಂತ ಶುರು! ಮದುವೆಗೆ ಇನ್ನೂ ಮೂರು ವಾರ ಇತ್ತು. ಎಲ್ಲಿಂದಲೋ ಕಾಪಿ ಹೊಡೆದದ್ದು, ಅದು ಮದುವೆಯಾದ ಮೇಲೆ ಮಾಡಿಕೊಳ್ಳುವ ಕರಾರಿನ ಪೀಠಿಕೆ. ಕೇಳಿದರೆ ನಗು ಬರುತ್ತದೆ, ಆದರೆ ಮದುವೆಗೆ ಮುಂಚಿನ ಕರಾರಿಗೂ ನಂತರದ್ದಕ್ಕೂ ಎಷ್ಟೋ ಕಡೆ ನಿಯಮವೇ ಬೇರೆ. ನಾಳೆ ತಕರಾರು ಬಂದರೆ ಎದುರು ವಕೀಲರು ಮೊದಲು ಬೆರಳಿಡುವುದೇ ಅಲ್ಲಿ.

ಹಾಗಾಗಿ ಪೀಠಿಕೆ ಬರೆಯುವಾಗ ಒಬ್ಬ ಓದುಗರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಿಮ್ಮಿಬ್ಬರನ್ನೂ ಯಾವತ್ತೂ ನೋಡಿಲ್ಲ, ಹದಿನೈದು ವರ್ಷ ಆದಮೇಲೆ ಈ ಕಾಗದ ಕೈಗೆತ್ತಿಕೊಂಡಿದ್ದಾರೆ. ಸಹಿ ಹಾಕಿದ ದಿನ ನೀವು ಯಾರಾಗಿದ್ದಿರಿ, ಯಾರ ಹತ್ತಿರ ಏನಿತ್ತು, ಏನು ತಿಳಿದುಕೊಂಡು ಒಪ್ಪಿದಿರಿ ಅನ್ನುವುದು ಅವರಿಗೆ ಮೊದಲ ಪುಟದಲ್ಲೇ ಗೊತ್ತಾಗಬೇಕು. ಸರಿಸುಮಾರು ಹೀಗೆ:

“ಮದುವೆಗೆ ಮುಂಚಿನ ಕರಾರು. ಇದನ್ನು ______ ತಾರೀಖು ______ ಊರಿನಲ್ಲಿ ______ ಅವರ ಮಗಳು, ______ ವಿಳಾಸದಲ್ಲಿ ವಾಸವಾಗಿರುವ ಲತಾ ಮತ್ತು ______ ಅವರ ಮಗ, ______ ವಿಳಾಸದಲ್ಲಿ ವಾಸವಾಗಿರುವ ಮೋಹನ್ ಮಾಡಿಕೊಂಡಿದ್ದೇವೆ. ನಾವಿಬ್ಬರೂ ______ ತಾರೀಖು ಅಥವಾ ಅದರ ಆಸುಪಾಸಿನಲ್ಲಿ ಮದುವೆಯಾಗಲು ನಿಶ್ಚಯಿಸಿದ್ದೇವೆ. ಲತಾಗೆ ಇದು ಮೊದಲ ಮದುವೆ. ಮೋಹನ್‌ಗೆ ಹಿಂದಿನ ಮದುವೆಯಿಂದ ______ ತಾರೀಖು ವಿಚ್ಛೇದನ ಆಗಿದೆ, ಆ ಮದುವೆಯಿಂದ ಒಬ್ಬ ಮಗನಿದ್ದಾನೆ. ಲತಾ ಅವರ ಆಸ್ತಿ, ಆದಾಯ, ಸಾಲದ ವಿವರ ಅನುಬಂಧ 1ರಲ್ಲಿದೆ, ಮೋಹನ್ ಅವರದು ಅನುಬಂಧ 2ರಲ್ಲಿದೆ. ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ಓದಿದ್ದೇವೆ. ಮದುವೆಗೆ ಮುಂಚಿನ ಆಸ್ತಿ, ಸಾಲ ಯಾರಿಗೆ ಸೇರಿದ್ದು, ಮುಂದೆ ಗಳಿಸಿದ್ದು ಹೇಗೆ ಹಂಚಿಕೆಯಾಗಬೇಕು ಎಂದು ಈಗಲೇ ತೀರ್ಮಾನಿಸಿಕೊಳ್ಳುವುದು ಈ ಕರಾರಿನ ಉದ್ದೇಶ. ಆದ್ದರಿಂದ ಈ ಕೆಳಗಿನ ಷರತ್ತುಗಳಿಗೆ ಒಪ್ಪಿದ್ದೇವೆ.”

ಅಷ್ಟೇ. ಮುಕ್ಕಾಲು ಪುಟ ದಾಟಬಾರದು. ಹೆಸರು ಗುರುತಿನ ಚೀಟಿಯಲ್ಲಿ ಇದ್ದ ಹಾಗೇ ಇರಲಿ. ಬೇರೆ ದಾಖಲೆಗಳಲ್ಲಿ ಬೇರೆ ಥರ ಇದ್ದರೆ ‘ಅಲಿಯಾಸ್’ ಹಾಕಿ ಅದನ್ನೂ ಸೇರಿಸಿ.

ಇದರಲ್ಲಿ ‘ಒಂದನೇ ಪಕ್ಷದವರು, ಎರಡನೇ ಪಕ್ಷದವರು’ ಇಲ್ಲ, ನೋಡಿ. ಹಳೇ ಪತ್ರಗಳ ಚಾಳಿ ಅದು, ನನಗೆ ಆಗುವುದಿಲ್ಲ. ಎಂಟು ಪುಟದ ಕರಾರಿನಲ್ಲಿ ಐದನೇ ಪುಟಕ್ಕೆ ಬರುವಷ್ಟರಲ್ಲಿ ಬರೆಯುವವರಿಗೇ ಯಾರು ಒಂದು, ಯಾರು ಎರಡು ಅಂತ ಮರೆತಿರುತ್ತದೆ. ಒಂದು ಕರಡಿನಲ್ಲಿ ಹುಡುಗಿ ತಾನೇ ದುಡಿದು ಕೊಂಡ ಮನೆ ಹೀಗೇ ಹುಡುಗನ ಪಾಲಿಗೆ ಹೋಗಿತ್ತು. ಪುಣ್ಯಕ್ಕೆ ಸಹಿಗೆ ಮುಂಚೆ ಸಿಕ್ಕಿತು. ‘ವಧು, ವರ’ ಅಂತಲೂ ಬೇಡ, ಮದುವೆ ಮುಗಿದ ಮಾರನೇ ದಿನ ಅವರಿಬ್ಬರೂ ವಧು ವರ ಅಲ್ಲವಲ್ಲ!

ಹಿಂದಿನ ಮದುವೆ, ಮಕ್ಕಳ ವಿಷಯ ಬರೆಯಲು ಜಾಸ್ತಿ ಜನ ಮುಜುಗರ ಪಡುತ್ತಾರೆ. ಇದ್ದರೆ ಬರೆಯಲೇಬೇಕು. ಸಾಲವೂ ಹಾಗೇ. ಪೀಠಿಕೆಯಲ್ಲಿ ಮೊತ್ತ ಬೇಕಿಲ್ಲ, ಅನುಬಂಧ ತೋರಿಸಿದರೆ ಸಾಕು. ಆದರೆ ಅನುಬಂಧ ನಿಜವಾಗಿಯೂ ಜೊತೆಗೆ ಲಗತ್ತಾಗಿರಬೇಕು, ಅದರ ಪ್ರತಿ ಪುಟಕ್ಕೂ ಇಬ್ಬರ ಸಹಿ ಬೀಳಬೇಕು. ‘ಅನುಬಂಧ ನೋಡಿ’ ಅಂತ ಬರೆದು ಅನುಬಂಧವನ್ನೇ ಲಗತ್ತಿಸದ ಕರಾರುಗಳು ನಮ್ಮ ಟೇಬಲ್ಲಿಗೆ ಬರುತ್ತಲೇ ಇರುತ್ತವೆ.

‘ಯಾರ ಒತ್ತಾಯವೂ ಇಲ್ಲದೆ, ಸ್ವಂತ ಇಚ್ಛೆಯಿಂದ’ ಅನ್ನುವ ಸಾಲನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಅದನ್ನು ಎಲ್ಲರೂ ಹಾಕುತ್ತಾರೆ, ಸುಮ್ನೆ ಹಾಕಿದರೆ ಅದಕ್ಕೆ ತೂಕ ಇಲ್ಲ. ಅದರ ಬದಲು ನಡೆದದ್ದನ್ನೇ ಬರೆಯಿರಿ: ಕೊನೆಯ ಕರಡು ಯಾರ ಕೈಗೆ ಯಾವ ತಾರೀಖು ಸಿಕ್ಕಿತು, ಯಾರು ಯಾವ ವಕೀಲರ ಸಲಹೆ ಪಡೆದರು (ಇಬ್ಬರಿಗೂ ಒಬ್ಬರೇ ವಕೀಲರಾದರೆ ಅರ್ಥವಿಲ್ಲ), ಕರಾರಿನ ಭಾಷೆ ಇಬ್ಬರಿಗೂ ಬರುತ್ತದೆಯೇ, ಇಲ್ಲದಿದ್ದರೆ ಓದಿ ಅರ್ಥ ಹೇಳಿದವರು ಯಾರು. ಇದು ಯಾಕೆ ಮುಖ್ಯ ಅಂದರೆ, ಬ್ರಿಟನ್ನಿನ ಸುಪ್ರೀಂ ಕೋರ್ಟ್ 2010ರ ರಾಡ್ಮಾಕರ್ ತೀರ್ಪಿನಲ್ಲಿ ಇಂಥ ಕರಾರಿಗೆ ಬೆಲೆ ಕೊಡಬೇಕು ಅಂದಾಗ, ಇಬ್ಬರೂ ಸ್ವಂತ ಇಚ್ಛೆಯಿಂದ, ಪರಿಣಾಮ ಪೂರ್ತಿ ತಿಳಿದು ಒಪ್ಪಿರಬೇಕು ಅನ್ನುವುದನ್ನೂ ಸೇರಿಸಿತು. ಕ್ಯಾಲಿಫೋರ್ನಿಯಾದಲ್ಲಂತೂ ಕೊನೆಯ ಕರಡು ಕೈಗೆ ಬಂದು 7 ದಿನ ಕಳೆಯದೆ ಸಹಿ ಹಾಕುವ ಹಾಗಿಲ್ಲ. ಅಂಥ ಕಡೆ ಆ ತಾರೀಖು ಪೀಠಿಕೆಯಲ್ಲೇ ಇದ್ದರೆ ಒಂದು ವಾದ ಅಲ್ಲೇ ಮುಗಿಯುತ್ತದೆ. ಜರ್ಮನಿ, ಫ್ರಾನ್ಸ್‌ನಂಥ ದೇಶಗಳಲ್ಲಿ ಕರಾರು ನೋಟರಿ ಮುಂದೆಯೇ ಆಗಬೇಕು, ನೀವು ಬರೆದದ್ದು ಅವರ ಕೈಗೆ ಕೊಡುವ ಕರಡು ಮಾತ್ರ. ನೀವಿರುವ ಕಡೆ ಇಂಥ ಕರಾರು ನಡೆಯುತ್ತದೋ ಇಲ್ಲವೋ, ಎಷ್ಟು ನಡೆಯುತ್ತದೆ ಅಂತ ಅಲ್ಲಿನ ವಕೀಲರನ್ನೇ ಮೊದಲು ಕೇಳಿ. ಅದು ಗೊತ್ತಿಲ್ಲದೆ ಪೀಠಿಕೆ ತಿದ್ದುತ್ತಾ ಕೂತು ಪ್ರಯೋಜನ ಇಲ್ಲ.

ಇನ್ನೊಂದು. ಪೀಠಿಕೆಯಲ್ಲಿ ಭರವಸೆ ಬರೆಯಬೇಡಿ. ‘ಮೋಹನ್ ತಿಂಗಳ ಖರ್ಚಿಗೆ ಕೊಡತಕ್ಕದ್ದು’ ಅನ್ನುವಂಥದ್ದು ಷರತ್ತು, ಅದರ ಜಾಗ ಕೆಳಗೆ, ನಂಬರ್ ಹಾಕಿದ ಕಡೆ. ಸಾಮಾನ್ಯವಾಗಿ ಕೋರ್ಟುಗಳು ಷರತ್ತಿನ ಅರ್ಥ ಗೊಂದಲವಾದಾಗ ಪೀಠಿಕೆ ತಿರುಗಿಸಿ ನೋಡುತ್ತವೆ. ಷರತ್ತಿನಲ್ಲಿ ಇಲ್ಲದ ಹೊಣೆಯನ್ನು ಬರೀ ಪೀಠಿಕೆ ತೋರಿಸಿ ಹೇರುವುದು ಕಷ್ಟ. ಮದುವೆಯೇ ನಡೆಯದಿದ್ದರೆ ಕರಾರು ರದ್ದು ಅನ್ನುವುದೂ ಷರತ್ತೇ, ಅದನ್ನು ಕೆಳಗೆ ಒಂದನೇ ನಂಬರಿಗೆ ಹಾಕಿ.

ಪ್ರೀತಿ ಬಗ್ಗೆ ಬರೆಯಬಹುದಾ ಅಂತಲೂ ಕೇಳಿದ್ದೀರಿ. ಬೇಕಿದ್ದರೆ ಒಂದು ಸಾಲು ಬರೆಯಿರಿ, ಯಾರೂ ಬೇಡ ಅನ್ನುವುದಿಲ್ಲ. ‘ಜೀವನಪೂರ್ತಿ ಎಲ್ಲವನ್ನೂ ಸಮವಾಗಿ ಹಂಚಿಕೊಳ್ಳುವ ಆಸೆಯಿಂದ’ ಅಂತ ಮಾತ್ರ ಬೇಡ. ಕೆಳಗೆ ಆಸ್ತಿ ಬೇರೆ ಬೇರೆ ಅಂತ ಬರೆದು ಮೇಲೆ ಎಲ್ಲವೂ ಸಮ ಅಂದರೆ ನೀವೇ ಗೊಂದಲ ತಂದಿಟ್ಟ ಹಾಗೆ.

ಸಹಿಯ ತಾರೀಖನ್ನು ಈಗಲೇ ಟೈಪ್ ಮಾಡಬೇಡಿ. ಜಾಗ ಖಾಲಿ ಬಿಟ್ಟು, ಸಹಿ ಹಾಕುವ ದಿನ ಪೆನ್ನಿನಲ್ಲಿ ತುಂಬಿ. ಇಬ್ಬರೂ ಬೇರೆ ಬೇರೆ ದಿನ ಸಹಿ ಮಾಡಿದರೆ ಎರಡೂ ತಾರೀಖು ಇರಲಿ.