ಎಲುಬಿನ ನೋವು ಮುಚ್ಚಿಡಬೇಡ ತಮ್ಮಾ

ವಾಯುಪಡೆಯ ತರಬೇತಿಗೆ ಹೊರಟವರು ಮತ್ತು ಅವರ ಮನೆಯವರು ಕಳಿಸಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ ಕೊಟ್ಟವರು ಒಬ್ಬ ಮಾಜಿ ಸಾರ್ಜೆಂಟ್. ಇಪ್ಪತ್ತು ವರ್ಷ ವಾಯುಪಡೆಯಲ್ಲಿ ದುಡಿದು ಈಗ ಬೀದರಿನ ನೌಬಾದಿನಲ್ಲಿ ನೆಲೆಸಿದ್ದಾರೆ. ಬೆಳಗಿನ ಹೊತ್ತು ನೆಹರು ಕ್ರೀಡಾಂಗಣದಲ್ಲಿ ಊರಿನ ಹುಡುಗ ಹುಡುಗಿಯರಿಗೆ ಓಟ ಕಲಿಸುತ್ತಾರೆ.

ಸರ್, ನನಗ ಅಗ್ನಿವೀರ್ ವಾಯು ಸೆಲೆಕ್ಷನ್ ಆಗ್ಯದ. ಇನ್ನ ಎರಡು ತಿಂಗಳಿಗೆ ಹೋಗಬೇಕು. 1.6 ಕಿಲೋಮೀಟರ್ 5 ನಿಮಿಷ 50 ಸೆಕೆಂಡಿನ್ಯಾಗ ಓಡ್ತೀನಿ, ಪುಶ್‌ಅಪ್ 50 ಹೊಡೀತೀನಿ. ಇನ್ನೇನು ಮಾಡಬೇಕು? ಬೀದರ್ ಏರ್‌ಫೋರ್ಸಿನ್ಯಾಗೇ ಟ್ರೇನಿಂಗ್ ಇರ್ತದೇನು?
— ಔರಾದ್ ತಾಲ್ಲೂಕಿನ ಓದುಗ

ಮೊದಲು ಎರಡನೇ ಪ್ರಶ್ನೆ. ಬೀದರಿನಲ್ಲಿ ಅಲ್ಲ. ನಮ್ಮ ತಲೆಯ ಮೇಲೆ ದಿನಾ ಹಾರುವ ಹಾಕ್ ವಿಮಾನಗಳಲ್ಲಿ ಕಲಿಯುವವರು ಯುದ್ಧವಿಮಾನದ ಪೈಲಟ್ ಆಗುವ ಅಧಿಕಾರಿಗಳು. ಆಕಾಶದಲ್ಲಿ ಕಸರತ್ತು ತೋರಿಸುವ ಸೂರ್ಯಕಿರಣ ತಂಡವೂ ಇಲ್ಲಿಯದೇ, 1996ರಲ್ಲಿ ಬೀದರಿನಲ್ಲೇ ಹುಟ್ಟಿದ್ದು. ಆ ಒಂಬತ್ತು ವಿಮಾನಗಳನ್ನು ನೋಡಿಯೇ ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳು ವಾಯುಪಡೆಯ ಕನಸು ಕಟ್ಟುತ್ತಾರೆ. ಆದರೆ ನೀನು ಹೋಗುವುದು ರಾಜ್ಯದ ಆ ತುದಿಗೆ, ಬೆಳಗಾವಿ ಪಕ್ಕದ ಸಾಂಬ್ರಾದಲ್ಲಿರುವ, ಅಧಿಕಾರಿಗಳಲ್ಲದ ವಾಯುಸೈನಿಕರ ಅಂದರೆ ಏರ್‌ಮೆನ್ ತರಬೇತಿ ಶಾಲೆಗೆ. ಅಲ್ಲಿ ಆಕಾಶದ ಕೆಲಸ ಇಲ್ಲ, ಪೂರ್ತಿ ನೆಲದ ಕೆಲಸ. ಪಿ.ಟಿ., ಡ್ರಿಲ್, ರೈಫಲ್, ಕ್ಲಾಸು, ಮತ್ತೆ ಡ್ರಿಲ್.

ಇನ್ನು ನಿನ್ನ ತಯಾರಿ. ಆಯ್ಕೆಯ ದಿನ ಗಂಡುಮಕ್ಕಳಿಗೆ ಕೇಳುವುದು 7 ನಿಮಿಷದೊಳಗೆ 1.6 ಕಿಲೋಮೀಟರ್ ಓಟ, 10 ಪುಶ್‌ಅಪ್, 10 ಸಿಟ್‌ಅಪ್, 20 ಉಠ್‌ಬೈಠ್. ಅದನ್ನೆಲ್ಲ ನೀನು ಎಂದೋ ದಾಟಿದ್ದೀ. ಹಾಗಾಗಿ ಈ ಎರಡು ತಿಂಗಳು ವೇಗ ಹೆಚ್ಚಿಸುವುದಕ್ಕೆ ಹೋಗಬೇಡ. ಓಟದಲ್ಲಿ ಮೊದಲು ಬಂದ ಹುಡುಗರೇ ಐದಾರು ವಾರಕ್ಕೆ ಕುಂಟುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾರಣ ಇಷ್ಟೇ. ಊರಿನಲ್ಲಿ ಅವರು ಓಡಿದ್ದು ದಿನಕ್ಕೆ ಅರ್ಧ ತಾಸು, ಅದೂ ಹೊಲದ ಮೆತ್ತನೆ ದಾರಿಯಲ್ಲಿ, ಬರಿಗಾಲಲ್ಲೋ ಹಗುರ ಶೂಗಳಲ್ಲೋ. ಅಲ್ಲಿ ಬೆಳಗಿನಿಂದ ಸಂಜೆತನಕ ಕಾಲ ಮೇಲೆಯೇ ಇರಬೇಕು. ಗಟ್ಟಿ ಪರೇಡ್ ಮೈದಾನದ ಮೇಲೆ ಬೂಟಿನ ಹಿಮ್ಮಡಿ ಊರಿ ಹೊಡೆಯಬೇಕು. ಉಸಿರು ಎರಡೇ ವಾರಕ್ಕೆ ಹೊಂದಿಕೊಳ್ಳುತ್ತದೆ, ಮಾಂಸಖಂಡ ಒಂದು ತಿಂಗಳಿಗೆ. ಎಲುಬಿಗೆ ಮಾತ್ರ ಅದಕ್ಕಿಂತ ಹೆಚ್ಚು ಕಾಲ ಬೇಕು. ಆ ಕಾಲವನ್ನು ಈಗಲೇ ಕೊಡು.

ವಾರದಲ್ಲಿ ನಾಲ್ಕು ದಿನ ಓಡು, ಎರಡು ದಿನ ಬಿರುಸಾಗಿ ನಡೆ, ಒಂದು ದಿನ ಪೂರ್ತಿ ಬಿಡುವು. ದೂರವನ್ನು ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸು, ಒಮ್ಮೆಲೇ ಎರಡರಷ್ಟು ಮಾಡಬೇಡ. ಗಟ್ಟಿ ಅಟ್ಟೆಯ, ಲೇಸ್ ಕಟ್ಟುವ ಒಂದು ಜೊತೆ ಚರ್ಮದ ಬೂಟು ಸಂಪಾದಿಸು. ಹಳೆಯದಾದರೂ ನಡೆಯುತ್ತದೆ. ದಪ್ಪ ಸಾಕ್ಸ್ ಹಾಕಿ ಮೊದಲ ವಾರ ದಿನಕ್ಕೆ ಇಪ್ಪತ್ತು ನಿಮಿಷ ನಡೆ, ಎರಡು ತಿಂಗಳಲ್ಲಿ ಒಂದೂವರೆ ತಾಸಿಗೆ ತಾ. ಬೂಟಿನಲ್ಲಿ ಓಡಬೇಡ, ನಡಿಗೆ ಸಾಕು. ಹಿಮ್ಮಡಿ, ಕಿರುಬೆರಳು ಎಲ್ಲಿ ಉಜ್ಜುತ್ತವೆ ಎಂದು ಮನೆಯಲ್ಲೇ ಗೊತ್ತಾಗಲಿ. ಬೊಕ್ಕೆ ಏಳುವುದಾದರೆ ಔರಾದಿನಲ್ಲಿ ಏಳಲಿ, ಸಾಂಬ್ರಾದಲ್ಲಿ ಬೇಡ. ಉಗುರು ನೇರವಾಗಿ ಕತ್ತರಿಸು, ಮೂಲೆ ಕೊರೆಯಬೇಡ. ಬೆಳಗಾವಿಯ ಮಳೆ ನಮ್ಮ ಮಳೆಯಂತಲ್ಲ, ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಒದ್ದೆ ಸಾಕ್ಸಿನಲ್ಲಿ ಬೆರಳ ಸಂದು ಕೊಳೆಯುತ್ತದೆ. ರಾತ್ರಿ ಎಷ್ಟೇ ದಣಿದಿದ್ದರೂ ಕಾಲು ತೊಳೆದು, ಸಂದುಗಳನ್ನು ಒರೆಸಿ ಒಣಗಿಸಿಯೇ ಮಲಗು.

ಈಗ ಹೇಳುವುದನ್ನು ಎರಡು ಸಲ ಓದು. ನೋವಿನಲ್ಲಿ ಎರಡು ತರ. ಎರಡೂ ಕಾಲಿನ ಮಾಂಸಖಂಡ ಹರಡಿಕೊಂಡು ನೋಯುತ್ತಿದ್ದರೆ, ಮೈ ಬಿಸಿಯಾದ ಮೇಲೆ ಕಡಿಮೆಯಾದರೆ, ಅದು ದುಡಿದ ಮೈಯ ನೋವು, ಸಹಿಸಿಕೋ. ಆದರೆ ಮೊಣಕಾಲಿನ ಕೆಳಗೆ ಮುಂದಿನ ಎಲುಬಿನ ಮೇಲೆ ಒಂದೇ ಕಡೆ, ಬೆರಳಿಟ್ಟು ತೋರಿಸುವಷ್ಟು ಜಾಗದಲ್ಲಿ ನೋಯುತ್ತಿದ್ದರೆ, ಒತ್ತಿದರೆ ಜೀವ ಹೋದಂತಾದರೆ, ರಾತ್ರಿ ಮಲಗಿದಾಗಲೂ ಬಿಡದಿದ್ದರೆ, ಮರುದಿನ ಬೆಳಿಗ್ಗೆಯೇ ಸಿಕ್ ರಿಪೋರ್ಟ್ ಮಾಡು, ಅಂದರೆ ಮೈ ಸರಿಯಿಲ್ಲ ಎಂದು ಹೇಳಿ ಡಾಕ್ಟರ ಹತ್ತಿರ ಹೋಗು.

ನಾನು ಮಾಡಲಿಲ್ಲ. 1994ರಲ್ಲಿ ನಾನು ರಿಕ್ರೂಟ್ ಆಗಿದ್ದಾಗ ಆರನೇ ವಾರಕ್ಕೆ ಬಲಗಾಲಿನಲ್ಲಿ ಇದೇ ನೋವು ಶುರುವಾಯಿತು. ಸಿಕ್ ರಿಪೋರ್ಟ್ ಮಾಡಿದರೆ ಹೇಡಿ ಅನ್ನುತ್ತಾರೆ, ಹಿಂದಿನ ಬ್ಯಾಚಿಗೆ ತಳ್ಳುತ್ತಾರೆ ಎಂದು ಹೆದರಿದೆ. ಟವೆಲ್ ಹರಿದು ಬಿಗಿಯಾಗಿ ಕಟ್ಟಿದೆ. ಪಕ್ಕದ ಮಂಚದವನ ಹತ್ತಿರ ನೋವಿನ ಗುಳಿಗೆ ಇಸಿದುಕೊಂಡು ನುಂಗಿದೆ. ಹತ್ತು ದಿನ ಹಾಗೇ ಡ್ರಿಲ್ ಹೊಡೆದೆ. ಹನ್ನೊಂದನೇ ದಿನ ‘ದೌಡ್ ಚಲ್’ ಕೇಳಿ ಹೆಜ್ಜೆ ಎತ್ತಿದವನು ಮುಂದಿನ ಹೆಜ್ಜೆ ಊರಲಾಗಲಿಲ್ಲ. ಎಲುಬು ಸೀಳಿತ್ತು. ಮೊದಲ ದಿನವೇ ಹೇಳಿದ್ದರೆ ಎರಡು ವಾರದ ವಿಶ್ರಾಂತಿಯಲ್ಲಿ ಮುಗಿಯುತ್ತಿತ್ತು ಎಂದರು ಡಾಕ್ಟರು. ಮೂರು ತಿಂಗಳು ಹೋಯಿತು. ಯಾವುದಕ್ಕೆ ಹೆದರಿದ್ದೆನೋ ಅದೇ ಆಯಿತು. ನನ್ನನ್ನು ಹಿಂದಿನ ಬ್ಯಾಚಿಗೆ ಹಾಕಿದರು.

ಭಾಲ್ಕಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅಪ್ಪ ತರಬೇತಿ ಮುಗಿಸಿದವರ ಪಾಸಿಂಗ್ ಔಟ್ ಪರೇಡಿಗೆಂದು ಹೊಸ ಧೋತರ ತಂದಿಟ್ಟಿದ್ದರು. ‘ಈ ಸಲ ಬರಬ್ಯಾಡ್ರಿ’ ಅಂತ ಇನ್‌ಲ್ಯಾಂಡ್ ಪತ್ರ ಬರೆದೆ. ಅಷ್ಟು ಕಷ್ಟದ ಪತ್ರ ಮತ್ತೆಂದೂ ಬರೆದಿಲ್ಲ. ಅಪ್ಪ ಆ ಧೋತರ ಉಡದೆ ಮಡಚಿ ಇಟ್ಟು, ಮುಂದಿನ ಪರೇಡಿಗೆ ಅದನ್ನೇ ಉಟ್ಟು ಬಂದರು. ತಮ್ಮಾ, ನಿನ್ನ ಅಪ್ಪ ಮೊದಲನೇ ಪರೇಡಿಗೇ ಬರುವಂತಾಗಲಿ.

ನಮ್ಮ ಹುಡುಗ ಜೋಳದ ರೊಟ್ಟಿ ಬಿಟ್ಟರೆ ಏನೂ ಉಣ್ಣಂಗಿಲ್ರಿ. ಅಲ್ಲಿ ಹ್ಯಾಂಗ ಇರ್ತಾನ? ಫೋನ್ ಸೈತ ಕೊಡಂಗಿಲ್ಲ ಅಂತಾರ. ಏನೇನು ಕಟ್ಟಿ ಕಳಸಲಿ?
— ಆಳಂದ ತಾಲ್ಲೂಕಿನ ಒಬ್ಬ ತಾಯಿ

ಅಕ್ಕಾ, ಅಲ್ಲಿ ಹೊಟ್ಟೆ ತುಂಬ ಊಟ ಹಾಕುತ್ತಾರೆ, ಅದರ ಚಿಂತೆ ಬೇಡ. ಚಪಾತಿ, ಅನ್ನ, ದಾಲ್, ಪಲ್ಯ, ಹಾಲು ಇರುತ್ತವೆ. ರೊಟ್ಟಿ ಮಾತ್ರ ಇರುವುದಿಲ್ಲ. ಆದ್ದರಿಂದ ಈಗಿನಿಂದಲೇ ವಾರದಲ್ಲಿ ನಾಲ್ಕು ದಿನ ಅವನಿಗೆ ಚಪಾತಿ, ಅನ್ನ ಬಡಿಸಿ. ತಾಟಿನ ಮುಂದೆ ಅರ್ಧ ತಾಸು ಕೂಡುವ ರೂಢಿ ಇದ್ದರೆ ಅದನ್ನೂ ಬಿಡಿಸಿ, ಮೆಸ್ಸಿನಲ್ಲಿ ಹೊತ್ತು ಸಿಗುವುದಿಲ್ಲ. ಬೆಳಿಗ್ಗೆ ಚಹಾ ಇಲ್ಲದಿದ್ದರೆ ತಲೆ ಹಿಡಿಯುವ ಹುಡುಗನಾದರೆ ಚಹಾ ಕಡಿಮೆ ಮಾಡಿಸಿ. ಗುಟ್ಖಾ, ತಂಬಾಕಿನ ಚಟ ಇದ್ದರೆ ಇಂದೇ ಬಿಡಿಸಿ. ಅದನ್ನು ಇಟ್ಟುಕೊಂಡು ಹೋಗುವುದು ದೊಡ್ಡ ತಪ್ಪು.

ಕಟ್ಟಿ ಕಳಿಸುವ ವಿಷಯಕ್ಕೆ ಬಂದರೆ, ಕಾಲ್ ಲೆಟರಿನಲ್ಲಿ ಏನು ಬರೆದಿದೆಯೋ ಅಷ್ಟನ್ನೇ ತುಂಬಿ. ಕಾಗದಪತ್ರಗಳಲ್ಲಿ ಹತ್ತನೇ ತರಗತಿಯ ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರ ಮೂರರಲ್ಲೂ ಅವನ ಹೆಸರು, ಅಪ್ಪನ ಹೆಸರು ಒಂದೇ ತರ ಇವೆಯೇ ಎಂದು ಅಕ್ಷರ ಅಕ್ಷರ ಕೂಡಿಸಿ ನೋಡಿ. ನಮ್ಮ ಕಡೆ ಒಂದು ಕಾಗದದಲ್ಲಿ ಮನೆತನದ ಹೆಸರು ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ.

ಶೇಂಗಾ ಹಿಂಡಿಯ ಡಬ್ಬಿ ರೈಲಿನ ದಾರಿಗೆ ಇರಲಿ. ಒಳಗೆ ಒಯ್ಯಲು ಬಿಡದಿದ್ದರೆ ಬೇಜಾರಾಗಬೇಡಿ. ಫೋನ್ ಮೊದಲ ವಾರಗಳಲ್ಲಿ ಕೈಗೆ ಸಿಗುವುದು ಅಪರೂಪ. ಸಿಕ್ಕಾಗಲೂ ಮಾತಾಡಲು ಐದು ನಿಮಿಷವೋ ಹತ್ತು ನಿಮಿಷವೋ. ಆ ಐದು ನಿಮಿಷ ನೀವು ಅಳಬೇಡಿ ಅಕ್ಕಾ. ಎಮ್ಮೆ ಈದಿತೇ, ತೊಗರಿ ಹೇಗಿದೆ, ತಂಗಿ ಶಾಲೆಗೆ ಹೋದಳೇ ಎಂದು ಮನೆಯ ಸುದ್ದಿ ಹೇಳಿ. ನನ್ನ ಅವ್ವನಿಗೆ ಬರೆಯಲು ಬರುತ್ತಿರಲಿಲ್ಲ, ಬೇರೆಯವರ ಕೈಯಲ್ಲಿ ಬರೆಸಿದ ಪತ್ರದಲ್ಲಿ ಹೊಲದ ಸುದ್ದಿಯೇ ಇರುತ್ತಿತ್ತು. ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೆ.

ನಾನು ಪಿಯುಸಿ ಮುಗಿಸಿದ್ದೇನೆ. ವಾಯುಪಡೆಗೆ ಸೇರುವ ಆಸೆ. ನಮ್ಮೂರಲ್ಲಿ ಮೈದಾನ ಇಲ್ಲ. ರಸ್ತೆಯಲ್ಲಿ ಓಡಿದರೆ ಜನ ನಿಂತು ನೋಡುತ್ತಾರೆ. ಬಿಸಿಲು ಬೇರೆ. ಹೇಗೆ ತಯಾರಾಗಲಿ?
— ಶಹಾಪುರ ತಾಲ್ಲೂಕಿನ ಓದುಗಿ

ತಂಗಿ, 2023ರ ಡಿಸೆಂಬರಿನಲ್ಲಿ ಅಗ್ನಿವೀರ್ ವಾಯು ಹೆಣ್ಣುಮಕ್ಕಳ ಮೊದಲ ತಂಡ ಇದೇ ಸಾಂಬ್ರಾದಲ್ಲಿ ತರಬೇತಿ ಮುಗಿಸಿ ಪರೇಡ್ ಮಾಡಿತು, 153 ಮಂದಿ. ನನ್ನ ಕಾಲದಲ್ಲಿ ಅಲ್ಲಿ ಒಬ್ಬ ಹುಡುಗಿಯೂ ಇರಲಿಲ್ಲ. ಟಿವಿಯಲ್ಲಿ ಅವರ ಹೆಜ್ಜೆ ನೋಡಿ ನನ್ನ ಕಣ್ಣು ತುಂಬಿತು. ಅವರಲ್ಲೂ ಹಲವರು ನಿನ್ನಂತೆ ಹಳ್ಳಿಯ ರಸ್ತೆಯಲ್ಲೇ ಓಟ ಕಲಿತಿರುತ್ತಾರೆ.

ನಿಮ್ಮ ಕಡೆ ನಾರಾಯಣಪುರ ಎಡದಂಡೆಯ ಕಾಲುವೆ ಇದೆಯಲ್ಲ, ಅದರ ಏರಿಯ ಮಣ್ಣಿನ ದಾರಿ ಡಾಂಬರಿಗಿಂತ ಕಾಲಿಗೆ ಮೆತ್ತಗೆ. ಅಣ್ಣನದೋ ತಮ್ಮನದೋ ಬೈಕಿನ ಮೀಟರಿನಲ್ಲಿ 1.6 ಕಿಲೋಮೀಟರ್ ಅಳೆದು ಎರಡು ತುದಿಗೆ ಕಲ್ಲಿಗೆ ಸುಣ್ಣ ಹಚ್ಚು. ಹೆಣ್ಣುಮಕ್ಕಳಿಗೆ ಅದಕ್ಕೆ 8 ನಿಮಿಷ. ಒಬ್ಬಳೇ ಹೋಗಬೇಡ. ಗೆಳತಿ ಇರಲಿ, ಇಲ್ಲವೇ ಮನೆಯವರು ಯಾರಾದರೂ ಸೈಕಲ್ಲಿನಲ್ಲಿ ಜೊತೆಗೆ ಬರಲಿ. ನಿಂತು ನೋಡುವವರು ಒಂದು ತಿಂಗಳು ನೋಡುತ್ತಾರೆ, ಆಮೇಲೆ ಅವರಿಗೂ ರೂಢಿಯಾಗುತ್ತದೆ. ನನ್ನ ಹತ್ತಿರ ಬರುವ ಹುಡುಗಿಯೊಬ್ಬಳ ಓಣಿಯಲ್ಲಿ ಮೊದಲು ಆಡಿಕೊಂಡಿದ್ದ ಹೆಂಗಸರೇ ಈಗ ತಮ್ಮ ಮಕ್ಕಳನ್ನು ಅವಳ ಜೊತೆ ಕಳಿಸುತ್ತಿದ್ದಾರೆ.

ಬಿಸಿಲನ್ನು ಮಾತ್ರ ಹಗುರವಾಗಿ ತಗೋಬೇಡ. ಯಾದಗಿರಿ, ಕಲಬುರಗಿಯ ಮೇ ತಿಂಗಳು 40 ಡಿಗ್ರಿ ದಾಟುತ್ತದೆ. ಸೂರ್ಯ ಏರುವ ಮೊದಲೇ ಓಟ ಮುಗಿಯಬೇಕು. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲದು ಎಂದರ್ಥ. ಓಡುವಾಗ ತಲೆ ಸುತ್ತಿದರೆ, ವಾಕರಿಕೆ ಬಂದರೆ ಅಲ್ಲಿಗೇ ನಿಲ್ಲಿಸಿ ನೆರಳಿಗೆ ಹೋಗು, ಮೈಗೆ ನೀರು ಹಾಕಿಕೋ.

ಇನ್ನೊಂದು ಕೆಲಸ ಈ ವಾರವೇ ಮಾಡು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸು. ನಮ್ಮ ಕಡೆಯ ಹುಡುಗಿಯರು ಎಷ್ಟು ಅಭ್ಯಾಸ ಮಾಡಿದರೂ ಓಟ ಸುಧಾರಿಸುತ್ತಿಲ್ಲ ಎಂದು ಅಳುತ್ತಾ ಬರುತ್ತಾರೆ. ನೋಡಿದರೆ ರಕ್ತ ಕಡಿಮೆ ಇರುತ್ತದೆ. ರಕ್ತವಿಲ್ಲದೆ ಉಸಿರು ಎಲ್ಲಿಂದ ಬರಬೇಕು? ಡಾಕ್ಟರು ಕಬ್ಬಿಣದ ಗುಳಿಗೆ ಕೊಟ್ಟರೆ ಚಹಾದ ಜೊತೆ ನುಂಗಬೇಡ, ಮೈಗೆ ಹತ್ತುವುದಿಲ್ಲ. ಪುಂಡಿಪಲ್ಯ, ಮೊಳಕೆ ಕಾಳು, ಶೇಂಗಾ, ಬೆಲ್ಲ, ಮನೆಯಲ್ಲಿ ತಿನ್ನುವ ರೂಢಿ ಇದ್ದರೆ ಮೊಟ್ಟೆ, ಇವು ನಿನ್ನ ಊಟದಲ್ಲಿ ದಿನಾ ಇರಲಿ. ತಿಂಗಳ ಮುಟ್ಟು ತಪ್ಪುತ್ತಿದ್ದರೆ ಅಭ್ಯಾಸ ಅತಿಯಾಗಿರಬಹುದು ಅಥವಾ ಊಟ ಸಾಲದಿರಬಹುದು. ಅದನ್ನೂ ಡಾಕ್ಟರ ಹತ್ತಿರ ನಾಚದೆ ಹೇಳು.

ಕನ್ನಡ ಮಾಧ್ಯಮದಲ್ಲಿ ಓದಿದವನು. ಹಿಂದಿ ಅಷ್ಟಕ್ಕಷ್ಟೆ. ತರಬೇತಿಯಲ್ಲಿ ತೊಂದರೆ ಆಗುತ್ತದೆಯೇ?
— ಬಸವಕಲ್ಯಾಣದ ಓದುಗ

ಬಸವಕಲ್ಯಾಣದಲ್ಲಿ ಬೆಳೆದವನ ಕಿವಿಗೆ ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಬಿದ್ದಿರುತ್ತವೆ. ನಿನಗೆ ತೊಂದರೆ ಆಗದು. ಸಾವಧಾನ್, ವಿಶ್ರಾಮ್, ದಾಹಿನೆ ಮುಡ್, ಬಾಯೆಂ ಮುಡ್, ಪೀಛೆ ಮುಡ್, ತೇಜ್ ಚಲ್, ಥಮ್, ಇಷ್ಟನ್ನು ಈಗಲೇ ಕಾಲಿನಿಂದ ಕಲಿ, ಬಾಯಿಂದ ಅಲ್ಲ. ಗೆಳೆಯ ಕೂಗಲಿ, ನೀನು ತಿರುಗು. ಕ್ಲಾಸಿನ ಪುಸ್ತಕಗಳಿಗೆ ಇಂಗ್ಲಿಷ್ ಬೇಕು, ದಿನಕ್ಕೆ ಒಂದು ಪುಟವಾದರೂ ಗಟ್ಟಿಯಾಗಿ ಓದು. ತಿಳಿಯದಿದ್ದರೆ ‘ಸಮಝ್ ಮೇಂ ನಹೀಂ ಆಯಾ, ಸರ್’ ಅನ್ನು. ತಿಳಿದವನಂತೆ ತಲೆ ಆಡಿಸಿ ರೈಫಲನ್ನು ತಪ್ಪಾಗಿ ಹಿಡಿದವನಿಗೆ ಅಲ್ಲಿ ಕ್ಷಮೆ ಇಲ್ಲ.

ಕಲಬುರಗಿಯಲ್ಲಿ ಒಬ್ಬರು ದುಡ್ಡು ಕೊಟ್ಟರೆ ಮೆಡಿಕಲ್ ಪಾಸ್ ಮಾಡಿಸುತ್ತೇನೆ ಅನ್ನುತ್ತಿದ್ದಾರೆ. ನಂಬಬಹುದೇ?
— ಚಿತ್ತಾಪುರದ ಓದುಗ

ನಂಬಬೇಡ. ಒಂದು ರೂಪಾಯಿಯನ್ನೂ ಕೊಡಬೇಡ. ಪೊಲೀಸರಿಗೆ ಹೇಳು. ಮೆಡಿಕಲ್ಲಿನಲ್ಲಿ ಕೊರತೆ ಹೇಳಿದರೆ ಅಪೀಲು ಮಾಡುವ ದಾರಿಯನ್ನು ಅಲ್ಲಿಯೇ ಬರೆದು ಕೊಡುತ್ತಾರೆ, ಅದನ್ನು ಹಿಡಿ. ಕಿವಿಯ ಗುಗ್ಗೆ, ಹಾಳಾದ ಹಲ್ಲು, ಇವನ್ನು ಮೊದಲೇ ಸರ್ಕಾರಿ ಆಸ್ಪತ್ರೆಯಲ್ಲಿ ಸರಿಮಾಡಿಸಿಕೊಂಡು ಹೋಗು.

ನಮ್ಮಣ್ಣ ತರಬೇತಿ ಅರ್ಧಕ್ಕೆ ಬಿಟ್ಟು ಬಂದಾನ. ಮನಿಯಾಗ ಯಾರ ಜೊತಿನೂ ಮಾತಾಡಂಗಿಲ್ಲ. ಊರಾಗ ಜನ ಕೇಳ್ತಾರಂತ ಹೊರಗೂ ಬರಂಗಿಲ್ಲ. ಏನು ಮಾಡ್ಬೇಕ್ರಿ ಕಾಕಾ?
— ಹುಮನಾಬಾದ್ ತಾಲ್ಲೂಕಿನ ಓದುಗಿ

ಮಗಳೇ, ನಿನ್ನ ಪತ್ರವನ್ನು ಮೂರು ದಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ನಿನ್ನ ಅಣ್ಣ ಯಾಕೆ ಬಂದ ಎಂದು ಅವನನ್ನು ಕೇಳಬೇಡಿ. ಅವನು ಹೇಳುವ ತನಕ ಕಾಯಿರಿ. ಹೊರಗಿನವರು ಕೇಳಿದರೆ ‘ಬಂದಾನ, ಮನ್ಯಾಗ ಇದ್ದಾನ’ ಅಷ್ಟೇ ಹೇಳಿ. ಅಪ್ಪನಿಗೆ ಈ ಮಾತು ನೀನೇ ಓದಿ ಹೇಳು. ನನ್ನ ಕಾಲು ಮುರಿದು ಹಿಂದೆ ಬಿದ್ದಾಗ ನನ್ನ ಅಪ್ಪ ಒಂದೇ ಒಂದು ಸಲವೂ ಯಾಕೆ ಎಂದು ಕೇಳಲಿಲ್ಲ, ನಾನು ಉಳಿದದ್ದು ಅದರಿಂದಲೇ.

ಊಟ, ನಿದ್ದೆ ಪೂರ್ತಿ ಬಿಟ್ಟಿದ್ದರೆ ಅಥವಾ ಬದುಕು ಸಾಕು ಎನ್ನುವ ಮಾತು ಬಾಯಲ್ಲಿ ಬಂದರೆ ತಡಮಾಡಬೇಡಿ. ಅವನನ್ನು ಒಂಟಿಯಾಗಿ ಬಿಡಬೇಡಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರವೂ ಕರೆದುಕೊಂಡು ಹೋಗಿ.

ಒಂದು ಮಾತು ಅವನಿಗೆ ಹೇಳು. ನೆಹರು ಕ್ರೀಡಾಂಗಣದಲ್ಲಿ ಮೂವತ್ತು ಮಕ್ಕಳು ಬರುತ್ತಾರೆ, ನಾನೊಬ್ಬನೇ ಇದ್ದೇನೆ. ಒಳಗಿನ ಡ್ರಿಲ್ ನೋಡಿ ಬಂದ ಇನ್ನೊಬ್ಬರು ನನಗೆ ಬೇಕು. ಓಡಬೇಕಾಗಿಲ್ಲ, ಮಾತಾಡಲೂಬೇಕಾಗಿಲ್ಲ, ಸೀಟಿ ಮತ್ತು ಗಡಿಯಾರ ಹಿಡಿದು ನಿಂತರೆ ಸಾಕು. ಬೆಳಿಗ್ಗೆ ಐದೂವರೆಗೆ ಗೇಟಿನ ಹತ್ತಿರ ಇರುತ್ತೇನೆ.